ಕೊನೇ ಹಾಲು

ಆನಂದ್‌ಗೆ ಹೋಗಿಬಂದವರು ಅಮುಲ್ ಡೇರಿಯ ಸ್ಟೀಲ್ ಟ್ಯಾಂಕುಗಳ ಬಗ್ಗೆ ಹೇಳುತ್ತಾರೆ, ಬೆಣ್ಣೆ ಕಟ್ಟುವ ಯಂತ್ರದ ಬಗ್ಗೆ ಹೇಳುತ್ತಾರೆ. ನಾನೂ ಅವನ್ನೆಲ್ಲ ಬಾಯಿಬಿಟ್ಟುಕೊಂಡು ನೋಡಿದವಳೇ. ಊರಿಗೆ ಬಂದ ಮೇಲೆ ಒಂದೊಂದಾಗಿ ಮಸುಕಾದವು. ಉಳಿದಿರುವುದು ಒಂದು ಎಮ್ಮೆ ಕೊಟ್ಟಿಗೆ, ಅದರ ಗೋಡೆಯ ತಂತಿಗೆ ಚುಚ್ಚಿಟ್ಟಿದ್ದ ಹಾಲಿನ ಚೀಟಿಗಳ ಕಂತೆ. ಅದರಲ್ಲಿದ್ದ ಅಂಕಿಗಳನ್ನು ನಾನು ಒಂದು ಥರ ಓದಿದೆ, ನಮ್ಮ ಜೊತೆಗಿದ್ದ ಹಾಲು ಪರೀಕ್ಷಕಿ ಇನ್ನೊಂದು ಥರ ಓದಿದಳು. ಯಾರ ಓದು ಸರಿ ಅನ್ನುವುದು ನಮ್ಮಿಬ್ಬರ ನಡುವೆ ಇವತ್ತಿಗೂ ತೀರ್ಮಾನವಾಗಿಲ್ಲ.

ಪಕ್ಕದೂರಿನ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದವರು ಗುಜರಾತಿಗೆ ಅಧ್ಯಯನ ಪ್ರವಾಸ ಹೊರಟಾಗ ಹಿಂದಿ ಬಲ್ಲವರೊಬ್ಬರು ಬೇಕಾಗಿತ್ತು. ಹೈಸ್ಕೂಲಿನಲ್ಲಿ ಹಿಂದಿ ಪಾಠ ಮಾಡಿ ನಿವೃತ್ತಳಾದ ನನ್ನನ್ನು ಸೇರಿಸಿಕೊಂಡರು. ಸಂಘದ ಅಧ್ಯಕ್ಷೆ ನನ್ನ ಓರಗೆಯವರು. ಪರೀಕ್ಷಕಿ ನನ್ನ ಹಳೇ ವಿದ್ಯಾರ್ಥಿನಿ. ಹಿಂದಿಯಲ್ಲಿ ಡುಮ್ಕಿ ಹೊಡೆದು ಲೆಕ್ಕದಲ್ಲಿ ತೊಂಬತ್ತು ತೆಗೆಯುತ್ತಿದ್ದವಳು. ಸೀಟಿನಡಿ ಹುರಿಹಿಟ್ಟು, ಚಟ್ನಿಪುಡಿ, ಕೋಡುಬಳೆ ಡಬ್ಬ. ಹಸುಗಳನ್ನು ಗಂಡಂದಿರ ವಶಕ್ಕೆ ಬಿಟ್ಟು ಬಂದಿದ್ದರಿಂದ ಹೊತ್ತಾರೆಯೂ ಸಂಜೆಯೂ ಡೇರಿ ಹೊತ್ತಿಗೆ ಸರಿಯಾಗಿ ಬೋಗಿಯ ತುಂಬ ಫೋನುಗಳು ಬಡಿದುಕೊಳ್ಳುತ್ತಿದ್ದವು. "ಎಷ್ಟು ಕರೀತು? ಫ್ಯಾಟ್ ಎಷ್ಟ್ ಬಂತು? ಮೂರೂವರೇನಾ? ಬೂಸಾ ಹಾಕಿದ್ರೋ ಇಲ್ವೋ?" ಮಕ್ಕಳು ಊಟ ಮಾಡಿದರೋ ಇಲ್ಲವೋ ಅನ್ನುವುದು ಅದಾದ ಮೇಲೆ.

ಹುಬ್ಬಳ್ಳಿ ದಾಟುವ ಹೊತ್ತಿಗೆ ಒಂದು ಜಗಳ ಶುರುವಾಯಿತು. ಎಲೆಕ್ಟ್ರಾನಿಕ್ ತಕ್ಕಡಿ ತೋರಿಸುವುದು ಕೇಜಿಯೋ ಲೀಟರೋ ಎಂದು ಒಬ್ಬಾಕೆ ಕೇಳಿದಳು. ಎರಡೂ ಒಂದೇ ಎಂದಳು ಇನ್ನೊಬ್ಬಳು. ಪರೀಕ್ಷಕಿ ತಡೆಯಲಾರದೆ ಎದ್ದು ನಿಂತಳು. ನೀರಾದರೆ ಒಂದು ಲೀಟರಿಗೆ ಒಂದು ಕೇಜಿ. ಹಾಲು ನೀರಿಗಿಂತ ತೂಕ, ಲೀಟರಿಗೆ ಸುಮಾರು 1 ಕೇಜಿ 30 ಗ್ರಾಂ. ದರ ಕೇಜಿ ಲೆಕ್ಕದ್ದಾಗಿದ್ದು ಹಾಲನ್ನು ಲೀಟರಲ್ಲಿ ಅಳೆದು ಅದೇ ಅಂಕಿ ಬರೆದುಕೊಂಡರೆ ಹಾಕಿದವಳಿಗೆ ನಷ್ಟ. ದರ ಲೀಟರಿನದಾಗಿದ್ದು ಕೇಜಿ ಅಂಕಿಯನ್ನೇ ಲೀಟರೆಂದು ಬರೆದರೆ ಸಂಘಕ್ಕೆ ನಷ್ಟ. ಅದಕ್ಕೇ ತಕ್ಕಡಿಯೊಳಗೆ 1.03ರ ಭಾಗಾಕಾರ ಕೂರಿಸಿರುತ್ತಾರೆ. "ಮೂವತ್ತು ಗ್ರಾಂ ತಾನೆ" ಎಂದಳು ಕೇಳಿದಾಕೆ. "ನೂರು ಲೀಟರಿಗೆ ಮೂರು ಕೇಜಿ ಕಣಕ್ಕ, ಒಂದು ಪಾತ್ರೆ ಹಾಲು" ಎಂದಳು ಇವಳು. ಬೋಗಿ ಸುಮ್ಮನಾಯಿತು. ತಕ್ಕಡಿ ಬರುವ ಮುಂಚೆ ಅಳತೆ ಕ್ಯಾನಿತ್ತು; ಆಗ ನೊರೆಯ ಜಗಳ. ಕರೆದ ಬಿಸಿಗೇ ತಂದು ಸುರಿದರೆ ನೊರೆಯೂ ಹಾಲಿನ ಲೆಕ್ಕಕ್ಕೇ ಬರುತ್ತಿತ್ತು, ಅಳೆಯುವವನು ನೊರೆ ಇಳಿಯಲಿ ಎಂದು ಕಾಯುತ್ತಿದ್ದ, ಹಾಕುವವಳು "ಹೊತ್ತಾಯ್ತು, ಬರ್ಕೊಳ್ಳಪ್ಪ" ಎನ್ನುತ್ತಿದ್ದಳು. ಆದರೆ ಹಾಲಿನ ಗಟ್ಟಿತನ ಅಳೆಯಲು ಲ್ಯಾಕ್ಟೋಮೀಟರ್ ಹಾಕಿದಾಗ ಅದೇ ಬಿಸಿ, ಅದೇ ನೊರೆ ಅವಳಿಗೇ ತಿರುಗಿ ಬೀಳುತ್ತಿತ್ತು: ಗಾಳಿ ತುಂಬಿದ ಬಿಸಿ ಹಾಲಿನಲ್ಲಿ ಡಿಗ್ರಿ ಕಡಿಮೆ. ಡೇರಿಯ ಪಕ್ಕದ ಮನೆಯವಳ ಹಾಲಿಗೆ ಡಿಗ್ರಿ ಬರುವುದಿಲ್ಲ, ದೂರದ ತೋಟದ ಮನೆಯಿಂದ ನಡೆದುಬಂದವಳ ಹಾಲಿಗೆ ಬರುತ್ತದೆ ಎಂಬ ಹಳೇ ಅನುಮಾನಕ್ಕೆ ಇದ್ದ ಕಾರಣ ಇಷ್ಟೇ. ಇದು ಅಧ್ಯಕ್ಷೆಗೂ ಆವತ್ತೇ ಗೊತ್ತಾದದ್ದು.

ವಡೋದರಾದಲ್ಲಿ ಇಳಿದು ಬಸ್ಸು ಹತ್ತಿ ಮಹಿ ನದಿ ದಾಟಿದರೆ ಚರೋತರ್ ಸೀಮೆ. ಜನವರಿ ತಿಂಗಳು. ನೆಲ ಹಲಗೆಯಂತೆ ಚಪ್ಪಟೆ. ನಮ್ಮಲ್ಲಿ ಹಾಗೆ ದಿಟ್ಟಿಸಿದರೆ ಒಂದು ಗುಡ್ಡವೋ ಬಂಡೆಯೋ ಅಡ್ಡ ಬರುತ್ತದೆ, ಇಲ್ಲಿ ಏನೂ ಬರುವುದಿಲ್ಲ. ಮರಳು ಬೆರೆತ ಮೆದು ಮಣ್ಣು, ಮೊಳಕಾಲೆತ್ತರ ಹೊಗೆಸೊಪ್ಪು, ನಡುನಡುವೆ ಬಾಳೆ, ಬದುವಿನಲ್ಲಿ ಬೇವು. ಕಾಲುವೆ ಕಂಡೊಡನೆ ನಮ್ಮವರಿಗೆ ಜೀವ ಬಂತು. "ವಿಶ್ವೇಶ್ವರಯ್ಯ ನಾಲೆ ಇದ್ದಂಗೇ ಐತಲ್ಲ, ಕಬ್ಬು ಮಾತ್ರ ಇಲ್ಲ." ಕಬ್ಬಿನ ಸೋಗೆಯಿಲ್ಲದೆ ಇವರು ದನಕ್ಕೆ ಏನು ಹಾಕುತ್ತಾರೆ ಎಂಬ ಚಿಂತೆ ಆನಂದ್ ಬರುವವರೆಗೂ ನಡೆಯಿತು. ಆಮೇಲೆ ರಸ್ತೆಬದಿಯಲ್ಲಿ ಎಮ್ಮೆಗಳು ಕಂಡವು. ಕುಡುಗೋಲಿನಂತೆ ಬಾಗಿದ ಕೊಂಬು, ಕತ್ತಿನ ಕೆಳಗೆ ಎರಡು ಬಿಳಿ ಪಟ್ಟಿ. ಸೂರ್ತಿ ಎಮ್ಮೆ, ಈ ಸೀಮೆಯ ಸ್ವಂತ ತಳಿ. ಕಪ್ಪುಬಿಳಿ ಎಚ್ಚೆಫ್ ಹಸುಗಳ ನಡುವೆ ಬದುಕುವ ನಮ್ಮ ಹೆಂಗಸರು ಬಸ್ಸಿನ ಕಿಟಕಿಯಿಂದ ಕೆಚ್ಚಲನ್ನೇ ನೋಡುತ್ತಿದ್ದರು, ಮುಖವನ್ನಲ್ಲ.

ತರಬೇತಿ ಕೇಂದ್ರದ ಪ್ರಯೋಗಾಲಯದಲ್ಲಿ ನಮಗೆ ಸಿಕ್ಕವರು ನಿವೃತ್ತಿಯ ನಂತರವೂ ಪಾಠ ಹೇಳಲು ಬರುತ್ತಿದ್ದ ಹಿರಿಯರೊಬ್ಬರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾವೂ ಅಂದೆವು. ಯಂತ್ರದ ಮುಂದೆ ಕರೆದೊಯ್ಯುವ ಬದಲು ಅವರು ಮೇಜಿನ ಮೇಲೆ ಎರಡು ಜಾಡಿ ಹಾಲಿಟ್ಟು, ಎರಡರಲ್ಲೂ ಲ್ಯಾಕ್ಟೋಮೀಟರ್ ಬಿಟ್ಟು, ಯಾವುದು ಒಳ್ಳೇ ಹಾಲು ಹೇಳಿ ಎಂದರು. ಎರಡರಲ್ಲೂ ಮೂವತ್ತರ ಹತ್ತಿರ ಡಿಗ್ರಿ. ಎರಡೂ ಒಳ್ಳೇದೇ ಎಂದರು ನಮ್ಮವರು. ಪರೀಕ್ಷಕಿ ಮಾತ್ರ ನಕ್ಕು ಸುಮ್ಮನಿದ್ದಳು, ಅವಳಿಗೆ ಈ ಆಟ ಗೊತ್ತಿತ್ತು. ಒಂದು ಜಾಡಿಯ ಹಾಲಿನ ಕೆನೆ ತೆಗೆದಿದ್ದರು. ಕೊಬ್ಬು ನೀರಿಗಿಂತ ಹಗುರ. ಅದನ್ನು ತೆಗೆದರೆ ಉಳಿದ ಹಾಲು ತೂಕವಾಗುತ್ತದೆ, ಡಿಗ್ರಿ ಏರುತ್ತದೆ. ಏರಿದ್ದನ್ನು ಇಳಿಸಲು ಒಂದಿಷ್ಟು ನೀರು ಸುರಿದರಾಯಿತು. ಎರಡು ಮೋಸ ಸೇರಿ ಒಂದು ಒಳ್ಳೇ ಹಾಲು. ಲ್ಯಾಕ್ಟೋಮೀಟರ್ ಹಿಡಿದು ಬೀಗುತ್ತಿದ್ದ ಎಷ್ಟೋ ಡೇರಿಗಳು ಹೀಗೆ ಏಮಾರಿವೆಯಂತೆ.

ಕೊಬ್ಬನ್ನು ಬೇರೆಯಾಗಿ ಅಳೆಯದೆ ಇದಕ್ಕೆ ಮದ್ದಿಲ್ಲ ಎಂದು ಜಗತ್ತಿಗೆ ಅರಿವಾದದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೈತರ ಹಾಲನ್ನೆಲ್ಲ ಒಂದೇ ಕಡೆ ಸುರಿದು ತೂಕಕ್ಕೆ ದುಡ್ಡು ಕೊಡುತ್ತಿದ್ದ ಕಾಲದಲ್ಲಿ, ಗಟ್ಟಿ ಹಾಲು ತಂದವನೂ ನೀರು ಬೆರೆಸಿದವನೂ ಒಂದೇ ದರ ಪಡೆಯುತ್ತಿದ್ದರು. ಅಲ್ಲಿನ ವಿಶ್ವವಿದ್ಯಾಲಯದ ಸ್ಟೀಫನ್ ಬ್ಯಾಬ್‌ಕಾಕ್ 1890ರಲ್ಲಿ ಗಂಧಕಾಮ್ಲ ಹಾಕಿ ಕೊಬ್ಬನ್ನು ಬಿಡಿಸಿ ಅಳೆಯುವ ಸುಲಭ ವಿಧಾನ ಕಂಡುಹಿಡಿದು, ಪೇಟೆಂಟ್ ಮಾಡಿಸದೆ ಎಲ್ಲರಿಗೂ ಬಿಟ್ಟುಕೊಟ್ಟ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಸ್ವಿಟ್ಜರ್‌ಲ್ಯಾಂಡಿನ ನಿಕ್ಲಾಸ್ ಗರ್ಬರ್ ತನ್ನದೇ ವಿಧಾನ ತಂದ. ನಮ್ಮ ದೇಶದ ಹಳ್ಳಿ ಡೇರಿಗಳಿಗೆ ಬಂದದ್ದು ಗರ್ಬರನದು. ಕಾಕಾ ಅದನ್ನೂ ಮಾಡಿ ತೋರಿಸಿದರು: ಗಾಜಿನ ಬ್ಯುಟಿರೋಮೀಟರಿಗೆ ಮೊದಲು 10 ಮಿಲಿ ಆಸಿಡ್, ಅದರ ಮೇಲೆ ಗೋಡೆಗುಂಟ ನಿಧಾನಕ್ಕೆ 10.75 ಮಿಲಿ ಹಾಲು, ಮೇಲೆ 1 ಮಿಲಿ ಅಮೈಲ್ ಆಲ್ಕೋಹಾಲ್, ಬಿರಡೆ. ಬಟ್ಟೆ ಸುತ್ತಿ ಕುಲುಕಿದರೆ ಕೈ ಸುಡುವಷ್ಟು ಬಿಸಿ. ಹಾಲು ಒಡೆದು, ಕರಗಿ, ಕಡುಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಗಿರಗಿರನೆ ತಿರುಗಿಸುವ ಸೆಂಟ್ರಿಫ್ಯೂಜ್, ಬಿಸಿನೀರ ತೊಟ್ಟಿ. ಕೊನೆಗೆ ಗಾಜಿನ ಸಪೂರ ಕತ್ತಿನಲ್ಲಿ ಜೇನಿನ ಬಣ್ಣದ ಕೊಬ್ಬು ಬಂದು ನಿಲ್ಲುತ್ತದೆ, ಅಂಕಿಯ ಪಕ್ಕದಲ್ಲೇ. ನಮ್ಮ ಪರೀಕ್ಷಕಿ ಅದನ್ನು ಮುಟ್ಟದೆಯೇ "ಆರು ಎಂಟು" ಎಂದಳು. ಕಾಕಾ ಕನ್ನಡಕ ಸರಿಮಾಡಿಕೊಂಡು ಓದಿ ತಲೆಯಾಡಿಸಿದರು. "ಈ ಆಸಿಡ್‌ನಿಂದ ನಂದು ಎಷ್ಟು ಸೀರೆ ತೂತಾಗವೆ ಗೊತ್ತಾ ಮಿಸ್ಸೇ, ಕೇಳಿ ಅವರ್ನ, ಅವರ ಪ್ಯಾಂಟೂ ಆಗಿರ್ಬೇಕು" ಎಂದಳು. ಕೇಳಿದೆ. ಕಾಕಾ ಎದ್ದು ನಿಂತು ಪ್ಯಾಂಟಿನ ಅಂಚು ತೋರಿಸಿದರು. ಆಮೇಲೆ ಆ ಇಬ್ಬರ ನಡುವೆ ನನ್ನ ಹಿಂದಿ ಬೇಕಾಗಲೇ ಇಲ್ಲ.

ಹಾಲಿನಲ್ಲಿ ನೀರು, ಕೊಬ್ಬು ಬಿಟ್ಟು ಉಳಿದ ಪ್ರೋಟೀನು, ಸಕ್ಕರೆ, ಲವಣ ಎಲ್ಲ ಸೇರಿ ಎಸ್ಸೆನ್ನೆಫ್. ಅದನ್ನು ನೇರವಾಗಿ ಅಳೆಯುವುದು ಕಷ್ಟವಾದ್ದರಿಂದ ಡಿಗ್ರಿಯ ಕಾಲುಭಾಗಕ್ಕೆ ಕೊಬ್ಬಿನ ಒಂದು ಪಾಲನ್ನೂ ಒಂದು ಚಿಕ್ಕ ಅಂಕಿಯನ್ನೂ ಕೂಡಿಸಿ ಲೆಕ್ಕ ಹಾಕುತ್ತಿದ್ದರು. ಈಗ ಎಲ್ಲ ಕಡೆಯೂ ಬಂದಿರುವ ಯಂತ್ರ ಹಾಲಿನೊಳಗೆ ಶಬ್ದದ ಅಲೆ ಕಳಿಸಿ, ನಿಮಿಷದೊಳಗೆ ಎರಡನ್ನೂ ಹೇಳಿಬಿಡುತ್ತದೆ. ಆಸಿಡಿಲ್ಲ, ಸೀರೆ ಉಳಿಯಿತು. ಆದರೂ ಯಂತ್ರದ ಮೇಲೆ ಅನುಮಾನ ಬಂದಾಗ ಪಂಚಾಯ್ತಿಗೆ ಕರೆಯುವುದು ಗರ್ಬರನನ್ನೇ.

ಈ ಊರಿನ ಕಥೆ ಎಲ್ಲರೂ ಕೇಳಿರುವುದೇ. ಬೊಂಬಾಯಿಗೆ ಹಾಲು ಕಳಿಸುವ ಹಕ್ಕು ಪೋಲ್ಸನ್ ಕಂಪನಿಯ ಕೈಲಿತ್ತು, ಮಧ್ಯವರ್ತಿಗಳು ಹೇಳಿದ್ದೇ ಅಳತೆ, ಹೇಳಿದ್ದೇ ಬೆಲೆ. 1946ರ ಜನವರಿ 4ರಂದು ಪಕ್ಕದ ಸಾಮರ್ಖಾದಲ್ಲಿ ರೈತರು ಸಭೆ ಸೇರಿದರು, ಹದಿನೈದು ದಿನ ಹಾಲು ಕೊಡದೆ ಮುಷ್ಕರ ಹೂಡಿದರು, ಡಿಸೆಂಬರ್ 14ಕ್ಕೆ ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ಮುಂದೆ ಅಮುಲ್ ಎನಿಸಿದ ಖೇಡಾ ಜಿಲ್ಲಾ ಹಾಲು ಒಕ್ಕೂಟ ನೋಂದಣಿಯಾಯಿತು. 1949ರಲ್ಲಿ, ಅದನ್ನು ಬೆಳೆಸಿದ ಕುರಿಯನ್ ಬಂದರು. ಅವರು ಅಮೆರಿಕಕ್ಕೆ ಓದಲು ಹೋಗುವ ಮುಂಚೆ ಹೈನುಗಾರಿಕೆಯ ತರಬೇತಿಗೆ ಇದ್ದದ್ದು ನಮ್ಮ ಬೆಂಗಳೂರಿನ ಸಂಸ್ಥೆಯಲ್ಲಿ. 1927ರಲ್ಲಿ ಗಾಂಧೀಜಿ ಗೋಪಾಲನೆ ಕಲಿಯಲು ಹೋಗಿದ್ದೂ ಅದೇ ಆಡುಗೋಡಿಯ ಆವರಣಕ್ಕೆ. ಇದನ್ನು ಹೇಳಿದಾಗ ಅಧ್ಯಕ್ಷೆ, "ಹಂಗಾದ್ರೆ ನಾವು ಇಷ್ಟು ದೂರ ಬಂದಿದ್ಯಾಕೆ?" ಎಂದರು. ರಾತ್ರಿ ಅತಿಥಿಗೃಹದಲ್ಲಿ 'ಮಂಥನ್' ತೋರಿಸಿದರು, ಗುಜರಾತಿನ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಹಾಕಿ 1976ರಲ್ಲಿ ಮಾಡಿಸಿದ ಶ್ಯಾಮ್ ಬೆನಗಲ್ ಸಿನಿಮಾ. ಡಾಕ್ಟರ್ ರಾವ್ ಆಗಿ ಗಿರೀಶ್ ಕಾರ್ನಾಡರು ಪರದೆಗೆ ಬಂದೊಡನೆ ಹಿಂದಿನ ಸಾಲಿನಿಂದ "ಅಯ್ಯೋ, ನಮ್ಮೋರು!" ಎಂಬ ಕೂಗು. ಆಮೇಲೆ ಅರ್ಧ ಜನ ನಿದ್ದೆಹೋದರು. ರೈಲಿನ ಆಯಾಸ.

ಮರುದಿನ ಬೆಳಗಾಗುವ ಮುಂಚೆ ಹಳ್ಳಿಯ ದೂಧ್ ಮಂಡಳಿಗೆ ಹೋದೆವು. ಚಳಿ ನಮ್ಮ ಕಡೆಯದಲ್ಲ, ಶಾಲಿನೊಳಗೂ ಕೊರೆಯುವಂಥದ್ದು. ಸ್ಟೀಲ್ ಕ್ಯಾನು, ಅಲ್ಯುಮಿನಿಯಂ ಬರಣಿ, ಹಿತ್ತಾಳೆ ಚೊಂಬು ಹಿಡಿದ ಸಾಲು. ತಲೆ ಮೇಲೆ ಸೆರಗೆಳೆದ ಸೊಸೆಯಂದಿರು, ಮಫ್ಲರ್ ಸುತ್ತಿದ ಮುದುಕರು, ಸ್ಕೂಟರಿನಲ್ಲಿ ಬಂದ ಹುಡುಗ. ಯಾರ ಮನೆಯ ಹಾಲಾದರೂ ಅದೇ ತಕ್ಕಡಿ, ಅದೇ ಟ್ಯಾಂಕು. ಜಾತಿ ಇಲ್ಲಿ ಕರಗಿತು ಎಂದು ಭಾಷಣಗಳಲ್ಲಿ ಹೇಳುತ್ತಾರೆ. ಟ್ಯಾಂಕಿನಲ್ಲಿ ಬೆರೆತದ್ದು ಖಂಡಿತ. ಸಾಲಿನಲ್ಲಿ ನಿಂತವರು ಯಾರ ಜೊತೆ ಮಾತಾಡುತ್ತಿದ್ದಾರೆ, ಯಾರ ಜೊತೆ ಇಲ್ಲ ಅನ್ನುವುದು ಮೇಷ್ಟರಿಕೆ ಮಾಡಿದ ಕಣ್ಣಿಗೆ ಕಾಣದೆ ಇರುವುದಿಲ್ಲ. ನಮ್ಮೂರಲ್ಲೂ ಇಷ್ಟೇ.

ನಮ್ಮವರ ಕಣ್ಣು ಹೋದದ್ದು ಬೇರೆ ಕಡೆಗೆ. ತಕ್ಕಡಿಯ ಅಂಕಿ, ಫ್ಯಾಟಿನ ಅಂಕಿ, ದುಡ್ಡಿನ ಅಂಕಿ ಮೂರೂ ಕೆಂಪಗೆ ಹೊಳೆಯುವ ಪೆಟ್ಟಿಗೆಯನ್ನು ಕಿಟಕಿಯ ಮೇಲೆ ಸಾಲಿಗೆ ಎದುರಾಗಿ ಇಟ್ಟಿದ್ದರು. ಒಳಗೆ ಕೂತ ಕಾರ್ಯದರ್ಶಿ ನೋಡಬೇಕಾದರೆ ಕತ್ತು ಹೊರಳಿಸಬೇಕು. ಒಬ್ಬ ಮುದುಕಿ ತನ್ನ ಅಂಕಿ ನೋಡಿ ತಲೆಯಾಡಿಸಿ "ಫರೀ" ಎಂದಳು, ಮತ್ತೊಮ್ಮೆ. ಯಾರೂ ಗೊಣಗಲಿಲ್ಲ. ಹುಡುಗ ಸ್ಯಾಂಪಲ್ ಬಾಟಲಿ ಕಲಕಿ ಮತ್ತೆ ಇಟ್ಟ. ಮೊದಲಿಗಿಂತ ಒಂದು ಪಾಯಿಂಟ್ ಹೆಚ್ಚು ಬಂತು. ಕಲಕದೆ ಇಟ್ಟರೆ ಕೊಬ್ಬು ಮೇಲಕ್ಕೇರಿ ಕೂರುತ್ತದೆ, ಕೊಳವೆ ಅಡಿಯ ಹಾಲು ಹೀರುತ್ತದೆ. ಅಜ್ಜಿಗೆ ಅದು ಗೊತ್ತು. ನಮ್ಮ ಅಧ್ಯಕ್ಷೆ ಆ ಪೆಟ್ಟಿಗೆಯನ್ನು ತಮ್ಮ ಫೋನಿನಲ್ಲಿ ಎಲ್ಲ ಕೋನದಿಂದಲೂ ತೆಗೆದುಕೊಂಡರು. ಆಮೇಲೆ ತೋರಿಸಿದ ಬೆಣ್ಣೆ ಯಂತ್ರದ ಒಂದು ಫೋಟೋವನ್ನೂ ತೆಗೆಯಲಿಲ್ಲ.

ಚೀಟಿ ನೋಡಿದಾಗ ಇನ್ನೊಂದು ಆಶ್ಚರ್ಯ. ಎಮ್ಮೆ ಹಾಲಿಗೆ ಇಲ್ಲಿ ಬೆಲೆ ಕಟ್ಟುವುದು ಕಿಲೋ ಫ್ಯಾಟಿನ ಲೆಕ್ಕದಲ್ಲಿ. ಐದು ಕೇಜಿ ಹಾಲಿಗೆ ಆರು ಫ್ಯಾಟ್ ಬಂದರೆ ನೀವು ಮಾರಿದ್ದು 300 ಗ್ರಾಂ ಕೊಬ್ಬು. ಏಳು ಬಂದರೆ 350. ಹಾಲು ಅದನ್ನು ಹೊತ್ತು ತಂದ ಗಾಡಿ ಅಷ್ಟೆ. "ನಮ್ಮ ಹಸ ಇಲ್ಲಿಗೆ ಬಂದ್ರೆ ಉಪವಾಸ ಸಾಯ್ತದೆ" ಎಂದಳು ಒಬ್ಬಾಕೆ. ಮೂರೂವರೆಯ ಎಚ್ಚೆಫ್ ಹಾಲಿಗೆ ಕೊಬ್ಬನ್ನಷ್ಟೇ ಎಣಿಸಿದರೆ ಎಮ್ಮೆಯ ಅರ್ಧ ಬೆಲೆ. ಅದಕ್ಕೆಂದೇ ಕೊಬ್ಬಿಗೊಂದು, ಎಸ್ಸೆನ್ನೆಫ್‌ಗೊಂದು ಬೆಲೆ ಕಟ್ಟುವ ಪದ್ಧತಿ ಬಂದದ್ದು. ಯಾವುದಕ್ಕೆ ಬೆಲೆ ಕಟ್ಟುತ್ತೀರೋ ಅದೇ ಜಾನುವಾರು ಊರಿನಲ್ಲಿ ಉಳಿಯುತ್ತದೆ. ಮಂಡ್ಯದಲ್ಲಿ ನಾನು ಚಿಕ್ಕವಳಿದ್ದಾಗ ಮನೆಗೊಂದು ಎಮ್ಮೆ ಇತ್ತು. ಈಗ ಬೀದಿಗೊಂದಿದ್ದರೆ ಹೆಚ್ಚು. ಹಾಲು ಹೆಚ್ಚು ಸುರಿಸುವ ಹಸು ಬಂತು, ಎಮ್ಮೆ ಹೋಯಿತು. ಪೇಟೆಯಲ್ಲಿ ನಾವು ಕೊಳ್ಳುವ ನೀಲಿ ನಂದಿನಿ ಪ್ಯಾಕೆಟ್ಟಿನಲ್ಲಿ 3.0, 8.5 ಎಂದು ಅಚ್ಚಾಗಿರುವುದು ಇದೇ ಎರಡು ಅಂಕಿ. ಯಾರು ಓದುತ್ತಾರೆ?

ಮಧ್ಯಾಹ್ನದ ಊಟ ಆ ಹಳ್ಳಿಯ ಒಂದು ಮನೆಯಲ್ಲಿ. ಸಜ್ಜೆಯ ರೋಟ್ಲೊ, ಸುಟ್ಟ ಬದನೆಕಾಯಿಯ ಓಳೊ, ಖಿಚಡಿ, ಕಢಿ, ಲೋಟದ ತುಂಬ ಮಜ್ಜಿಗೆ. ರೋಟ್ಲೊ ಮೇಲೆ ಅಂಗೈಯಷ್ಟು ಬೆಣ್ಣೆ, ಸುಣ್ಣದಂತೆ ಬಿಳಿ. ಹಸುವಿನ ಬೆಣ್ಣೆಯ ಹಳದಿ ಮೇವಿನ ಕ್ಯಾರೋಟಿನ್‌ನಿಂದ ಬರುವುದು. ಎಮ್ಮೆ ಅದನ್ನು ಎ ಜೀವಸತ್ವವಾಗಿಸಿ ಬಿಡುತ್ತದೆ, ಬಣ್ಣ ಉಳಿಯುವುದಿಲ್ಲ. ಕಢಿ ಬಾಯಿಗಿಟ್ಟ ಅಧ್ಯಕ್ಷೆ ನನ್ನ ಕಿವಿಯಲ್ಲಿ, "ಮಜ್ಜಿಗೆ ಹುಳಿಗೆ ಬೆಲ್ಲ ಹಾಕವ್ರಲ್ಲ ಮಿಸ್ಸೇ" ಎಂದರು. ಮನೆಯಾಕೆ ಏನೆಂದು ಕೇಳಿದಳು. ತುಂಬ ರುಚಿಯಾಗಿದೆಯಂತೆ ಎಂದೆ. ಇನ್ನೊಂದು ಸೌಟು ಬಿತ್ತು. ಅತ್ತೆ ತುಪ್ಪದ ಬರಣಿ ತಂದು ಒಂದು ಚಮಚ ನಮ್ಮ ಅಂಗೈಗೆ ಸುರಿದು ಉಜ್ಜಿ ಮೂಸಲು ಹೇಳಿದಳು. ಹರಳು ಹರಳಾದ ತುಪ್ಪ, ಬೆರಳಿನಡಿ ಕರಗಿತು.

ತುಪ್ಪದ ಅಳತೆಯ ಬಗ್ಗೆ ಕಾಕಾ ಹಿಂದಿನ ದಿನ ಹೇಳಿದ್ದೊಂದು ಆಗ ನೆನಪಿಗೆ ಬಂತು. ವನಸ್ಪತಿಯನ್ನು ತುಪ್ಪಕ್ಕೆ ಬೆರೆಸುವುದನ್ನು ಹಿಡಿಯಲು ನಮ್ಮ ಸರ್ಕಾರ ಒಂದು ಉಪಾಯ ಮಾಡಿತ್ತು: ವನಸ್ಪತಿ ತಯಾರಿಸುವವರು ಅದಕ್ಕೆ ಕಡ್ಡಾಯವಾಗಿ ಒಂದಿಷ್ಟು ಎಳ್ಳೆಣ್ಣೆ ಸೇರಿಸಬೇಕು. ಎಳ್ಳೆಣ್ಣೆ ಒಂದು ರಾಸಾಯನಿಕ ಪರೀಕ್ಷೆಗೆ ಕೆಂಪಾಗುತ್ತದೆ. ತುಪ್ಪ ಕೆಂಪಾದರೆ ಕಳ್ಳ ಸಿಕ್ಕ. ಜಾಣ ಕಾನೂನು. ಆದರೆ ತುಪ್ಪದ ಇನ್ನೊಂದು ಪರೀಕ್ಷೆ, ಆವಿಯಾಗುವ ಆಮ್ಲಗಳ ಅಳತೆ, ಸೌರಾಷ್ಟ್ರದಲ್ಲಿ ಮುಗ್ಗರಿಸಿತು. ಅಲ್ಲಿ ಎಮ್ಮೆಗೆ ಹತ್ತಿಬೀಜ ತಿನ್ನಿಸುತ್ತಾರೆ. ಹತ್ತಿಬೀಜ ತಿಂದ ಎಮ್ಮೆಯ ಅಪ್ಪಟ ತುಪ್ಪ, ಪ್ರಯೋಗಾಲಯದ ಕಣ್ಣಿಗೆ ಕಲಬೆರಕೆಯಂತೆಯೇ ಕಾಣುತ್ತದೆ. ಕೊನೆಗೆ ಹತ್ತಿ ಬೆಳೆಯುವ ಸೀಮೆಯ ತುಪ್ಪಕ್ಕೆ ಬೇರೆಯೇ ಅಂಕಿ ಗೊತ್ತುಮಾಡಬೇಕಾಯಿತು. ಎಮ್ಮೆ ಏನು ತಿಂದಿತು ಎಂದು ಕೇಳದೆ ಅದರ ಒಡತಿಯನ್ನು ಕಳ್ಳಿ ಎನ್ನಬಾರದೆಂದು ಕಾನೂನೇ ಒಪ್ಪಿಕೊಂಡ ಅಪರೂಪದ ಪ್ರಸಂಗ ಇದು.

ಸಂಜೆ ಕರೆಯುವ ಹೊತ್ತಿಗೆ ಮನೆಯಾಕೆ ನಮ್ಮನ್ನು ಹಿತ್ತಲಿಗೆ ಕರೆದಳು. ಎರಡು ಎಮ್ಮೆ, ಒಂದು ಹೆಣ್ಣುಗರು. ಕರು ಬಿಟ್ಟಳು, ಅದು ನಾಲ್ಕು ಸಲ ಗುದ್ದಿತು, ಎಮ್ಮೆ ಸೊರ ಬಿಟ್ಟಿತು. ಕರುವನ್ನು ಎಳೆದು ಕಟ್ಟಿ ಕರೆಯಲು ಕೂತಳು. ನಮ್ಮ ಹೆಂಗಸರಿಗೆ ಇದು ಮರೆತೇಹೋದ ನೋಟ. ಎಚ್ಚೆಫ್ ಹಸುವಿನ ಕರುವನ್ನು ಹುಟ್ಟಿದ ಕೆಲವೇ ದಿನಕ್ಕೆ ಬೇರೆ ಕಟ್ಟಿ ಬಾಟಲಿಯಲ್ಲಿ ಕುಡಿಸುವುದು ಅವರಿಗೆ ರೂಢಿ. ಗಂಡುಗರುವಿನ ಮಾತು ಯಾರೂ ಎತ್ತುವುದಿಲ್ಲ. ಬಕೆಟ್ಟಿನಲ್ಲಿ ಚೊರ್ ಚೊರ್ ಸದ್ದು, ನೊರೆ ಅಂಚಿಗೆ ಬಂತು. ಕೆಚ್ಚಲಿನಲ್ಲಿ ಇನ್ನೂ ಹಾಲಿದೆ ಎಂದು ಕೈಯಾಡಿಸಿದವರಿಗೆಲ್ಲ ಗೊತ್ತಾಗುವ ಹೊತ್ತಿಗೆ ಆಕೆ ಎದ್ದುಬಿಟ್ಟಳು. ಕರುವನ್ನು ಬಿಟ್ಟಳು.

"ಅಯ್ಯೋ, ಕೊನೇ ಹಾಲು!" ಎಂದಳು ನಮ್ಮ ಪರೀಕ್ಷಕಿ.

ಮೊದಲು ಬರುವ ಹಾಲು ತೆಳು. ಕೊಬ್ಬೆಲ್ಲ ಕೊನೆಯಲ್ಲಿ ಇಳಿಯುತ್ತದೆ. ಮೊದಲ ಸೆಳೆತದಲ್ಲಿ ಒಂದೋ ಎರಡೋ ಫ್ಯಾಟ್ ಇದ್ದರೆ ಕೊನೆಯ ಹನಿಗಳಲ್ಲಿ ಅದರ ಐದಾರು ಪಟ್ಟು ಇರಬಹುದು. ಕಿಲೋ ಫ್ಯಾಟಿಗೆ ದುಡ್ಡು ಕೊಡುವ ಊರಿನಲ್ಲಿ ಈಕೆ ತೆಳು ಹಾಲನ್ನು ಮಂಡಳಿಗೆ ಹಾಕಿ ಗಟ್ಟಿ ಹಾಲನ್ನು ಕರುವಿಗೆ ಬಿಡುತ್ತಿದ್ದಾಳೆ. ಗೊತ್ತಿದ್ದೂ ಯಾಕೆ ಎಂದು ಕೇಳು ಎಂದು ನನ್ನನ್ನು ತಿವಿದರು. ಕೇಳಿದೆ.

"ಕರು ಸತ್ತರೆ ಎಮ್ಮೆ ಸೊರ ಬಿಡಲ್ಲ. ಆಗ ನೀವು ಬಂದು ಕರೀತೀರಾ?" ಎಂದು ಆಕೆ ನಕ್ಕಳು. ಎಲ್ಲರೂ ನಕ್ಕರು. ಬಕೆಟ್ ಎತ್ತಿಕೊಳ್ಳುತ್ತ, ಯಾರಿಗೂ ಅಲ್ಲವೆಂಬಂತೆ ಸೇರಿಸಿದಳು: "ಮಗನ ಫೀಸು ಕಟ್ಟೋ ತಿಂಗಳು ಮಾತ್ರ ಪೂರ್ತಿ ನಾನೇ ಕರ್ಕೋತೀನಿ, ಬೆನ್."

ಆಕೆ ಮಂಡಳಿಗೆ ಹೋದಾಗ ಗೋಡೆಯ ಮೇಲಿದ್ದ ಚೀಟಿಗಳನ್ನು ಅತ್ತೆಯ ಅಪ್ಪಣೆ ಕೇಳಿ ತೆಗೆದು ನೋಡಿದೆ. ಅಡಿಯವು ಮಾಸಿದ್ದವು, ಮೇಲಿನವು ಸ್ಪಷ್ಟ. ತಾರೀಖು, ಹೊತ್ತು, ತೂಕ, ಫ್ಯಾಟ್. ಮಗ್ಗುಲಲ್ಲಿ ಪರೀಕ್ಷಕಿ. ಆರರ ಸುತ್ತ ಓಡಾಡುತ್ತಿದ್ದ ಅಂಕಿ ಜೂನ್‌ನಲ್ಲಿ ಏಳಕ್ಕೆ ಏರಿತ್ತು. ಮತ್ತೆ ಇಳಿದು, ದೀಪಾವಳಿ ಕಳೆದು ಶಾಲೆ ಮತ್ತೆ ತೆರೆಯುವ ನವೆಂಬರ್‌ನಲ್ಲಿ ಇನ್ನೊಮ್ಮೆ ಏಳರ ಹತ್ತಿರ. ನನಗೆ ಮೈ ಜುಂ ಎಂದಿತು. ಇದು ಹಾಲಿನ ಲೆಕ್ಕವಲ್ಲ, ಆ ಮನೆಯ ದಿನಚರಿ. ಕರು ಹಸಿದ ತಿಂಗಳು ಯಾವುದು, ಹೊಟ್ಟೆ ತುಂಬಿದ ತಿಂಗಳು ಯಾವುದು ಎಂದು ಎರಡು ಅಂಕಿಯಲ್ಲಿ ಬರೆದಿಟ್ಟಿದೆ ಎನಿಸಿತು. ಹಾಗೆಂದು ಪರೀಕ್ಷಕಿಗೆ ಹೇಳಿದೆ.

ಅವಳು ಒಪ್ಪಲಿಲ್ಲ. "ಜೂನಲ್ಲಿ ಹಸಿಮೇವು ಎಲ್ಲಿಂದ ಬತ್ತದೆ ಮಿಸ್ಸೇ? ಒಣಹುಲ್ಲು ತಿಂದ್ರೆ ಫ್ಯಾಟ್ ಏರೇ ಏರ್ತದೆ. ನವೆಂಬರ್‌ನಲ್ಲಿ ಒಂದೆಮ್ಮೆ ಬತ್ತೋಕೆ ಬಂದಿರ್ಬೇಕು, ಬತ್ತೋ ಮುಂಚೇನೂ ಏರ್ತದೆ. ಇದು ಎರಡೆಮ್ಮೆ ಹಾಲು ಬೆರೆಸಿದ್ದು. ಹೊತ್ತಾರೆ ಹಾಲಿಗೂ ಸಂಜೆ ಹಾಲಿಗೂ ವ್ಯತ್ಯಾಸ ಬೇರೆ. ನೀವು ಕಥೆ ಮಾಡ್ತೀರಿ."

ನಾನು ಕಥೆ ಮಾಡುವವಳೇ, ಇಲ್ಲವೆನ್ನಲಾರೆ. ಆದರೆ ಆಕೆಯೇ ಬಾಯಿಬಿಟ್ಟು ಹೇಳಿದಳಲ್ಲ ಫೀಸಿನ ಮಾತು? ವಾಪಸ್ ಬರುವ ರೈಲಿನಲ್ಲಿ ಅದೇ ವಾದ. ಹೇಳಿದ್ದು ನಿಜವಿರಬಹುದು, ಚೀಟಿಯ ಅಂಕಿ ಅದರಿಂದಲೇ ಬಂತು ಅನ್ನುವುದಕ್ಕೆ ಏನು ಆಧಾರ ಎಂದಳು ಅವಳು. ಆಸಿಡ್‌ನಲ್ಲಿ ಸೀರೆ ಸುಟ್ಟುಕೊಂಡವಳ ವಾದ, ಸುಲಭಕ್ಕೆ ಜಗ್ಗುವುದಿಲ್ಲ. ಲೆಕ್ಕದಲ್ಲಿ ತೊಂಬತ್ತು ತೆಗೆದವಳ ಜೊತೆ ನಾನು ಗೆದ್ದದ್ದು ಯಾವತ್ತೂ ಇಲ್ಲ. ಅವಳು ಮೇಲಿನ ಬರ್ತಿನಲ್ಲಿ ಮಲಗಿ ಅಧ್ಯಕ್ಷೆಯ ಫೋನಿನಲ್ಲಿದ್ದ ಆ ಕೆಂಪು ಅಂಕಿಯ ಪೆಟ್ಟಿಗೆಯನ್ನು ದೊಡ್ಡದು ಮಾಡಿ ವೈರು ಎಲ್ಲಿ ಹೋಗಿದೆ ಎಂದು ನೋಡುತ್ತಿದ್ದಳು. ನಾನು ಕಿಟಕಿಯ ಆಚೆ ಸೊಲ್ಲಾಪುರದ ಒಣ ಹೊಲಗಳನ್ನು ನೋಡುತ್ತ, ಕೊಟ್ಟಿಗೆಯಲ್ಲಿ ಆ ಮಾತು ಕೇಳಿದಾಗ ನಮ್ಮ ಹೆಂಗಸರಲ್ಲಿ ಒಬ್ಬರೂ ಆಶ್ಚರ್ಯ ತೋರಿಸದೆ ಇದ್ದದ್ದನ್ನೇ ಯೋಚಿಸುತ್ತಿದ್ದೆ.

ಊರಿಗೆ ಬಂದ ಮೇಲೆ ಸಂಘದ ಸಭೆಯಲ್ಲಿ ಅಧ್ಯಕ್ಷೆ ಒಂದೇ ಒಂದು ಠರಾವು ಮಂಡಿಸಿದರು: ಕಾರ್ಯದರ್ಶಿಯ ಕಡೆಗಿರುವ ಯಂತ್ರದ ಪರದೆಯನ್ನು ಹಾಲು ಹಾಕುವವರ ಕಡೆಗೆ ತಿರುಗಿಸುವುದು. ಕಾರ್ಯದರ್ಶಿಗೆ ಕಾಣುವುದಿಲ್ಲ ಎಂದು ತಕರಾರು ಬಂತು. ಎದ್ದು ನೋಡಲಿ ಎಂದರು. ಠರಾವು ಪಾಸಾಯಿತು.

ಮೊನ್ನೆ ಬೆಳಗ್ಗೆ ಹಾಲು ತರಲು ಹೋದಾಗ ಅಲ್ಲಿ ಸಂತೆ. ಈಗ ಪ್ರತಿಯೊಬ್ಬರೂ ತಮ್ಮದಷ್ಟೇ ಅಲ್ಲ, ಮುಂದಿನವರ ಅಂಕಿಯನ್ನೂ ಓದುತ್ತಾರೆ. "ನಿನ್ನ ಹಸುಗೆ ಹೆಂಗೆ ನಾಕು ಬಂತು?" "ನಂಗೆ ಇನ್ನೊಂದ್ಸಲ ಹಾಕು, ಕಲಕಿ ಹಾಕು." ಪರೀಕ್ಷಕಿ ಬಾಟಲಿ ಕಲಕುತ್ತ ನನ್ನತ್ತ ಹುಬ್ಬು ಹಾರಿಸಿದಳು, ಇದೆಲ್ಲ ನಿಮ್ಮಿಂದಲೇ ಎನ್ನುವ ಹಾಗೆ. ರಸ್ತೆಯಲ್ಲಿ ಹಾಲಿನ ಲಾರಿಯವನು ಹಾರ್ನ್ ಮೇಲೆ ಹಾರ್ನ್. ಸಾಲಿನಲ್ಲಿ ಇನ್ನೂ ಹದಿನೈದು ಜನ ಇದ್ದರು. ಅಧ್ಯಕ್ಷೆ ಬಾಗಿಲಿಗೆ ಬಂದು, "ಇವ್ರದೆಲ್ಲ ಮುಗೀಲಿ, ನೀನು ಟೀ ಕುಡ್ಕೊಂಡ್ ಬಾರಪ್ಪ" ಎಂದು ಅವನಿಗೆ ಕೂಗಿದರು.